ಹಳೇ ಕಾರಿನ ಕಥೆ – 4: ಕುಣಿಯೋ ಹಿಂದಿನ ಚಕ್ರ

ಫ್ರೆಂಡ್ಸ್, ಸಿಗ್ನಲ್ ಬಿಟ್ಟ ತಕ್ಷಣ ಜೋರಾಗಿ ಆಕ್ಸಿಲರೇಟರ್ ಒತ್ತಿದ್ರೆ ಕಾರು ಮುಂದೆ ನುಗ್ಗಬೇಕು ಅಲ್ವಾ? ಅಮೆರಿಕದ 1967ರ ಷೆವರ್ಲೆ ಕ್ಯಾಮರೋದಲ್ಲಿ, ದೊಡ್ಡ ಇಂಜಿನ್ ಇದ್ರೆ, ಹಿಂದಿನ ಚಕ್ರಗಳು ಧಡಧಡ ಅಂತ ಕುಣೀತಿದ್ವು. ಇದೇ ವ್ಹೀಲ್ ಹಾಪ್.

ಯಾಕೆ ಗೊತ್ತಾ? ನಮ್ಮ ಲಾರಿಗಳ ಕೆಳಗೆ ಬಗ್ಗಿ ನೋಡಿ, ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪ್ಲೇಟುಗಳು ಕಾಣುತ್ತವೆ. ಆ ಕ್ಯಾಮರೋಗೆ ಹಿಂದೆ ಒಂದೊಂದು ಬದಿಗೂ ಒಂದೇ ಪ್ಲೇಟು. ಮಾಮೂಲಿ ಓಡಾಟಕ್ಕೆ ಸಾಕು. ಆದ್ರೆ ವಿ8 ಇಂಜಿನ್ನಿನ ಶಕ್ತಿ ಬಿದ್ದಾಗ ಆಕ್ಸೆಲ್ ತಿರುಚಿಕೊಂಡು ಪ್ಲೇಟು ‘ಎಸ್’ ಆಕಾರಕ್ಕೆ ಬಗ್ಗುತ್ತೆ. ಟೈರಿನ ಹಿಡಿತ ತಪ್ಪುತ್ತೆ, ಪ್ಲೇಟು ವಾಪಸ್ ಚಿಮ್ಮುತ್ತೆ, ಟೈರ್ ಮತ್ತೆ ಹಿಡಿಯುತ್ತೆ. ಹೀಗೇ ಮುಂದುವರಿದ್ರೆ ಆಕ್ಸೆಲ್ಲೇ ಮುರಿಯಬಹುದು.

1968ರಲ್ಲಿ ಎರಡು ಬದಲಾವಣೆ ಬಂತು. ಹೆಚ್ಚು ಶಕ್ತಿಯ ಮಾಡೆಲ್‌ಗಳಿಗೆ ಹಲವು ಪ್ಲೇಟಿನ ಸ್ಪ್ರಿಂಗ್ ಹಾಕಿದ್ರು. ಮೊದಲು ಒಂದೇ ಕಡೆ ಇದ್ದ ಎರಡು ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನ ಆಕ್ಸೆಲ್‌ನ ಮುಂದೆ, ಇನ್ನೊಂದನ್ನ ಹಿಂದೆ ಇಟ್ರು. ಈಗ ಆಕ್ಸೆಲ್ ತಿರುಚೋಕೆ ಹೋದ್ರೆ ಎರಡೂ ಕಡೆಯಿಂದ ತಡೆ.

ಬಿಕಾಂ ಓದೋ ನನಗೆ ಇದರಲ್ಲಿ ಕಂಡಿದ್ದು ಕಾಸ್ಟಿಂಗ್ ಪಾಠ. ಹಳೇ ಕಾರಿಗೆ ಪವರ್ ಹೆಚ್ಚಿಸೋ ಆಸೆ ಇದ್ಯಾ? ಬರೀ ಇಂಜಿನ್ ಖರ್ಚು ಬರೆದ್ರೆ ಲೆಕ್ಕ ಅರ್ಧ. ಹಿಂದಿನ ಸಸ್ಪೆನ್ಷನ್‌ಗೂ ದುಡ್ಡು ಎತ್ತಿಡಿ.