ಇಸಿಜಿ ಮಷಿನ್ ‘ನಾರ್ಮಲ್’ ಎಂದು ಬರೆದರೆ ಹೃದಯಾಘಾತ ಆಗಿಲ್ಲ ಎಂದರ್ಥವೇ?

“ಇಸಿಜಿ ನಾರ್ಮಲ್ ಬಂದಿದೆ, ಬರೀ ಗ್ಯಾಸ್ ಅಷ್ಟೇ.” ಈ ಮಾತು ಮನೆಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಆಗಾಗ ಕೇಳಿಬರುತ್ತದೆ. ಈಗ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: “ಎಐ ಬಂದಿದೆ, ಕಂಪ್ಯೂಟರೇ ನೋಡಿ ಹೇಳುತ್ತದೆ, ತಪ್ಪಾಗೋದಿಲ್ಲ.” ಎರಡೂ ಪೂರ್ತಿ ನಿಜವಲ್ಲ.

ಭತ್ತ ಒಣಗಿದೆಯೋ ಇಲ್ಲವೋ ಎಂದು ರೈತ ಒಂದು ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತಾನೆ. ‘ಟಕ್’ ಎಂದರೆ ಚೀಲಕ್ಕೆ ತುಂಬುತ್ತಾನೆ. ರಾಶಿಯ ತೇವಾಂಶವನ್ನೆಲ್ಲ ಅಳೆಯುತ್ತಾ ಕೂರುವುದಿಲ್ಲ. ಅನುಭವದಿಂದ ಹುಟ್ಟಿದ, ಬಹುಪಾಲು ಸರಿಹೋಗುವ, ಕೆಲವೊಮ್ಮೆ ಕೈಕೊಡುವ ಇಂಥ ಅಂದಾಜಿನ ಸೂತ್ರಕ್ಕೆ ‘ಹ್ಯೂರಿಸ್ಟಿಕ್’ ಎನ್ನುತ್ತಾರೆ. ವೈದ್ಯರೂ ಇವನ್ನು ಬಳಸುತ್ತಾರೆ, ವೈದ್ಯರಿಗೆ ನೆರವಾಗುವ ಕಂಪ್ಯೂಟರುಗಳೂ ಬಳಸುತ್ತವೆ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ತಯಾರಾದ ‘ಮೈಸಿನ್’ ರಕ್ತದ ಸೋಂಕಿಗೆ ಯಾವ ಔಷಧ ಕೊಡಬೇಕೆಂದು ಸಲಹೆ ನೀಡುತ್ತಿತ್ತು. ಅದರೊಳಗೆ ಇದ್ದದ್ದು ತಜ್ಞರಿಂದ ಕೇಳಿ ಬರೆದುಕೊಂಡ, ‘ಹೀಗಿದ್ದರೆ ಹೀಗಿರಬಹುದು’ ಎಂಬ ನೂರಾರು ನಿಯಮಗಳು. ಪರೀಕ್ಷೆಯಲ್ಲಿ ಅದು ತಜ್ಞರಿಗೆ ಸರಿಸಾಟಿಯಾಗಿ ನಿಂತಿತು. ಆದರೂ ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಬರಲಿಲ್ಲ.

ಈಗ ಇಸಿಜಿಗೆ ಬರೋಣ. ಹೃದಯದ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಇಸಿಜಿಯಲ್ಲಿ ‘ಎಸ್‌ಟಿ’ ಎಂಬ ಭಾಗ ಸಾಮಾನ್ಯವಾಗಿ ಮೇಲೇಳುತ್ತದೆ. ಎಷ್ಟು ಎದ್ದರೆ ಹೃದಯಾಘಾತ? ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿಲಿಮೀಟರ್ ಎನ್ನುತ್ತದೆ ನಿಯಮ. ಆದರೆ ಎದೆಯ ಮೇಲೆ ಹಚ್ಚುವ ವಿ2, ವಿ3 ಲೀಡ್‌ಗಳಲ್ಲಿ ಲೆಕ್ಕ ಬೇರೆ: ಹೆಂಗಸರಿಗೆ 1.5, 40 ದಾಟಿದ ಗಂಡಸರಿಗೆ 2, ಅದಕ್ಕಿಂತ ಚಿಕ್ಕವರಿಗೆ 2.5 ಮಿಲಿಮೀಟರ್. ಗಟ್ಟಿಮುಟ್ಟಾದ ಯುವಕರಲ್ಲೂ ಈ ಗೆರೆ ಸಹಜವಾಗಿಯೇ ತುಸು ಮೇಲಿರುತ್ತದೆ, ಅದಕ್ಕೇ ಈ ವ್ಯತ್ಯಾಸ.

ಈ ಗೆರೆಯನ್ನು ಎಳೆದವರು ಮನುಷ್ಯರು, ಎಳೆಯುವಾಗ ಎರಡು ಭಯಗಳನ್ನು ತೂಗಿದ್ದಾರೆ. ಗೆರೆ ಕೆಳಗಿಳಿಸಿದರೆ ಹೃದಯಾಘಾತ ಆಗದವರಿಗೂ ಹೆಪ್ಪು ಕರಗಿಸುವ ಇಂಜೆಕ್ಷನ್ ಬೀಳುತ್ತದೆ. ಆ ಔಷಧದಿಂದ ಅಪರೂಪಕ್ಕಾದರೂ ಮೆದುಳಲ್ಲಿ ರಕ್ತಸ್ರಾವವಾಗಬಹುದು. ಮೇಲೇರಿಸಿದರೆ ನಿಜವಾದ ರೋಗಿ ‘ನಾರ್ಮಲ್’ ಚೀಟಿ ಹಿಡಿದು ಮನೆಗೆ ಹೋಗುತ್ತಾನೆ. ಎಐ ಬಂದರೂ ಈ ತೂಗುವಿಕೆ ತಪ್ಪಿಲ್ಲ. ಹಿಂದೆ ನಿಯಮವನ್ನು ತಜ್ಞರು ಬರೆದುಕೊಡುತ್ತಿದ್ದರು, ಈಗಿನ ಯಂತ್ರ ರಾಶಿ ರಾಶಿ ಹಳೆಯ ಇಸಿಜಿಗಳನ್ನು ನೋಡಿ ತಾನೇ ಕಟ್ಟಿಕೊಳ್ಳುತ್ತದೆ. ಎಷ್ಟು ಅನುಮಾನ ಬಂದರೆ ಗಂಟೆ ಬಾರಿಸಬೇಕು ಎಂಬುದನ್ನು ಆಗಲೂ ಮನುಷ್ಯರೇ ಗೊತ್ತುಮಾಡಬೇಕು.

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ, ಅದೂ ನಮ್ಮಂಥ ಊರುಗಳಿಗೇ ಹೆಚ್ಚು. ಕೃಷ್ಣಾ ತೀರದಲ್ಲಿ, ಮೌನೇಶ್ವರರಿಂದ ಹೆಸರಾದ ಸುರಪುರ ಕಡೆಯ ತಿಂಥಣಿಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ನಡುರಾತ್ರಿ ಎದೆನೋವು ಬಂದವರ ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ. 46ನೇ ವಯಸ್ಸಿಗೇ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ ‘ಹೃದಯ ಜ್ಯೋತಿ’ ಯೋಜನೆ ಇದಕ್ಕಾಗಿಯೇ ಬಂದದ್ದು. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಎಐ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಿ, ಹೃದಯಾಘಾತ ಎಂದಾದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ದೊಡ್ಡಾಸ್ಪತ್ರೆಗೆ ಕಳಿಸುವುದು ಆಮೇಲೆ.

‘ಹೌದು’ ಎಂದಾಗ ಯಂತ್ರ ಜೀವ ಉಳಿಸುತ್ತದೆ. ಅಪಾಯ ಇರುವುದು ಅದರ ‘ಇಲ್ಲ’ದಲ್ಲಿ. ‘ನಾರ್ಮಲ್’ ಎಂದರೆ ಆ ಕ್ಷಣದ ಇಸಿಜಿ ಆ ಗೆರೆ ದಾಟಿಲ್ಲ ಎಂದಷ್ಟೇ ಅರ್ಥ. ನಾಳ ಪೂರ್ತಿ ಮುಚ್ಚದ ಹೃದಯಾಘಾತಗಳಲ್ಲಿ ಸಾಮಾನ್ಯವಾಗಿ ಎಸ್‌ಟಿ ಏಳುವುದೇ ಇಲ್ಲ. ಹೃದಯದ ಹಿಂಭಾಗಕ್ಕೆ ಪೆಟ್ಟಾದರೆ ಎದೆಯ ಮುಂದೆ ಹಚ್ಚಿದ ಲೀಡ್‌ಗಳಿಗೆ ಅದು ನೇರವಾಗಿ ಕಾಣುವುದಿಲ್ಲ. ನೋವು ಶುರುವಾದ ಹೊಸತರಲ್ಲಿ ತೆಗೆದ ಇಸಿಜಿ ಚೆನ್ನಾಗಿಯೇ ಇದ್ದು, ಅರ್ಧ ಗಂಟೆಯಲ್ಲಿ ಬದಲಾಗಬಹುದು. ಇದಕ್ಕೆಂದೇ ನೋವು ಮುಂದುವರಿದರೆ ಮೊದಲ ಒಂದು ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ ತೆಗೆಯಬೇಕು, ಟ್ರೋಪೊನಿನ್ ರಕ್ತಪರೀಕ್ಷೆ ಮಾಡಬೇಕು ಎಂಬ ಮಾರ್ಗಸೂಚಿ ಇದೆ. ಆ ಪರೀಕ್ಷೆಯನ್ನೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕಾಗುತ್ತದೆ.

ವೈದ್ಯರೂ ಯಂತ್ರದ ಮಾತಿಗೆ ಮರುಳಾಗಬಹುದು. ಕಂಪ್ಯೂಟರಿನ ಓದು ಸರಿಯಿದ್ದಾಗ ವೈದ್ಯರ ಓದು ಸುಧಾರಿಸಿತು, ತಪ್ಪಿದ್ದಾಗ ಅವರೂ ಹೆಚ್ಚು ತಪ್ಪಿದರು ಎಂದು ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಇಸಿಜಿ ಅಧ್ಯಯನವೊಂದು ತೋರಿಸಿದೆ. ನಮ್ಮ ‘ಗ್ಯಾಸ್’ ಕೂಡ ಒಂದು ಹ್ಯೂರಿಸ್ಟಿಕ್ಕೇ. ಹತ್ತು ಸಲ ಗ್ಯಾಸ್ ಆಗಿದ್ದಕ್ಕೆ ಹನ್ನೊಂದನೆಯದೂ ಅದೇ ಎಂದುಕೊಳ್ಳುತ್ತೇವೆ! ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವಿಲ್ಲದೆ ಬರೀ ಬೆವರು, ಏದುಸಿರು, ವಾಂತಿ, ದವಡೆ ಅಥವಾ ಹೊಟ್ಟೆಯ ಮೇಲ್ಭಾಗದ ನೋವಾಗಿಯೂ ಹೃದಯಾಘಾತ ಬರುತ್ತದೆ.

ಇಂಥ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ. ಜೋರಾಗಿ ಕೆಮ್ಮಿದರೆ ಬದುಕಬಹುದು ಎಂಬ ಹಳೇ ಫಾರ್ವರ್ಡ್ ನಂಬಿ ಹೊತ್ತು ಕಳೆಯಬೇಡಿ. ಇಸಿಜಿ ನಾರ್ಮಲ್ ಬಂದರೂ ನೋವು ಇಳಿಯದಿದ್ದರೆ ಎದ್ದು ಮನೆಗೆ ಹೊರಡಬೇಡಿ, “ಡಾಕ್ಟ್ರೇ, ಇನ್ನೂ ನೋವಿದೆ, ಇನ್ನೊಂದು ಸಲ ತೆಗೀಬೇಕಾ?” ಎಂದು ಕೇಳಿ. ನೋವು ಎಷ್ಟು ಗಂಟೆಗೆ ಶುರುವಾಯಿತು, ಹಿಂದೆ ಪಾರ್ಶ್ವವಾಯು ಆಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ, ಇಂಜೆಕ್ಷನ್ ಕೊಡಬಹುದೋ ಬಾರದೋ ಎಂಬುದು ಇದರ ಮೇಲೆ ನಿಂತಿದೆ. ಮನೆಯ ಹಿರಿಯರ ಹಳೆಯ ಇಸಿಜಿ ಇದ್ದರೆ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗೆರೆ ಮೊದಲಿಂದ ಹಾಗೇ ಇತ್ತೋ, ಇವತ್ತು ಬದಲಾಯಿತೋ ಎಂದು ವೈದ್ಯರು ಹೋಲಿಸಿ ನೋಡಬಹುದು.