ಜಾರ್ಜ್ ಕ್ಯಾಟ್ಲಿನ್ ಬರೆದ ಮುಖಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಮೆರಿಕದ ಇತಿಹಾಸವನ್ನು ಪಾಠ ಮಾಡುವಾಗ ಕರಿಹಲಗೆಯ ಮೇಲೆ ಆ ದೇಶದ ರೇಖಾನಕ್ಷೆಯನ್ನು ಬರೆದು, ಪೂರ್ವದಿಂದ ಪಶ್ಚಿಮಕ್ಕೆ ಒಂದು ಬಾಣದ ಗುರುತನ್ನು ಎಳೆಯುತ್ತಿದ್ದೆ. "ಹೀಗೆ ವಲಸೆಗಾರರು ಪಶ್ಚಿಮದ ಕಡೆಗೆ ನೆಲೆಸುತ್ತ ಹೋದರು, ಅಲ್ಲಿದ್ದ ರೆಡ್ ಇಂಡಿಯನ್ನರು ಕ್ರಮೇಣ ನಶಿಸಿದರು" ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದೆ. ನೀವು ಅದನ್ನು ಬರೆದುಕೊಳ್ಳುತ್ತಿದ್ದಿರಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಹಾಗೆಯೇ ಬರೆದವರಿಗೆ ಎರಡಕ್ಕೆ ಎರಡು ಕೊಟ್ಟದ್ದೂ ಉಂಟು. ಜನರು ತಾವಾಗಿಯೇ ಹೇಗೆ ನಶಿಸುತ್ತಾರೆ ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಆ ವಾಕ್ಯದ ನೆನಪು ನನ್ನನ್ನು ಚುಚ್ಚಿದ್ದು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಕಲಾ ಸಂಗ್ರಹಾಲಯದಲ್ಲಿ ಒಂದು ಚಿತ್ರದ ಮುಂದೆ ನಿಂತಾಗ. ಮಗನ ಮನೆಗೆ ಹೋಗಿದ್ದ ನಾನು ಅಲ್ಲಿಗೆ ಹೋದದ್ದು ಬಿಸಿಲಿನಿಂದ ತಪ್ಪಿಸಿಕೊಳ್ಳಲು ಎಂದರೂ ಸುಳ್ಳಲ್ಲ. ಚಿತ್ರವೇನೂ ದೊಡ್ಡದಲ್ಲ, ಎತ್ತರ ಎರಡೂವರೆ ಅಡಿಯೂ ಇರಲಾರದು. ನೆಲದವರೆಗೆ ಇಳಿಬಿದ್ದ ಹದ್ದಿನ ಗರಿಗಳ ಶಿರೋಭೂಷಣ, ಅದರ ಮೇಲೆರಡು ಕೊಂಬು, ಕಸೂತಿ ಮಾಡಿದ ಚರ್ಮದ ಅಂಗಿ, ಕೈಯಲ್ಲಿ ಈಟಿ. ಮ್ಯಾಂಡನ್ ಎಂಬ ಬುಡಕಟ್ಟಿನ ಎರಡನೆಯ ಮುಖ್ಯಸ್ಥ ಮಾಟೋ-ಟೋಪೆ, ಅರ್ಥಾತ್ 'ನಾಲ್ಕು ಕರಡಿ'. ಚಿತ್ರ ಬರೆದದ್ದು 1832ರಲ್ಲಿ. ಬರೆದವನು ಜಾರ್ಜ್ ಕ್ಯಾಟ್ಲಿನ್. ಊರಿಗೆ ಹಿಂದಿರುಗಿದ ಮೇಲೆ ಈ ಇಬ್ಬರ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಅಂದು ಹೇಳದೆ ಬಿಟ್ಟ ಪಾಠವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಟ್ಲಿನ್ ಹುಟ್ಟಿದ್ದು 1796ರಲ್ಲಿ, ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರೆಯಲ್ಲಿ. ತಂದೆಯ ಇಚ್ಛೆಯಂತೆ ಕಾನೂನು ಓದಿ ಕೆಲಕಾಲ ವಕೀಲಿ ವೃತ್ತಿಯನ್ನೂ ನಡೆಸಿದನು. ಆದರೆ ಮನಸ್ಸು ಕುಂಚದ ಕಡೆಗಿತ್ತು. ಗುರುಮುಖೇನ ಚಿತ್ರಕಲೆಯನ್ನು ಕಲಿತವನಲ್ಲ. ಅವನ ಚಿತ್ರಗಳಲ್ಲಿ ಕೈಕಾಲುಗಳ ಅಳತೆ ಎಷ್ಟೋ ಕಡೆ ತಪ್ಪಿದೆ. ಮುಖ ಮಾತ್ರ ತಪ್ಪಿಲ್ಲ. ಫಿಲಡೆಲ್ಫಿಯಾದಲ್ಲಿ ಒಮ್ಮೆ ಪಶ್ಚಿಮದಿಂದ ಬಂದ ಇಂಡಿಯನ್ನರ ನಿಯೋಗವೊಂದನ್ನು ಕಂಡು, ಇವರ ಚಿತ್ರಗಳನ್ನು ಬರೆಯುವುದೇ ತನ್ನ ಜನ್ಮದ ಕೆಲಸವೆಂದು ನಿಶ್ಚಯಿಸಿದನಂತೆ. 1830ರಲ್ಲಿ ಸೇಂಟ್ ಲೂಯಿಸ್‌ಗೆ ಹೋಗಿ, ಹಿಂದೆ ಲೂಯಿಸ್ ಎಂಬವನ ಜೊತೆಗೂಡಿ ಶಾಂತಸಾಗರದವರೆಗೆ ನಡೆದು ಬಂದಿದ್ದ ವಿಲಿಯಂ ಕ್ಲಾರ್ಕ್‌ನ ಆಶ್ರಯ ಪಡೆದನು. ಮುಂದಿನ ಆರೇಳು ವರ್ಷಗಳಲ್ಲಿ ಸುಮಾರು 50 ಬುಡಕಟ್ಟುಗಳ ನಡುವೆ ಓಡಾಡಿ ನೂರಾರು ಚಿತ್ರಗಳನ್ನು ಬರೆದನು.

ಇವುಗಳಲ್ಲಿ ಮುಖ್ಯವಾದದ್ದು 1832ರ ಪ್ರಯಾಣ. ತುಪ್ಪುಳುಚರ್ಮದ ವ್ಯಾಪಾರ ನಡೆಸುತ್ತಿದ್ದ ಅಮೆರಿಕನ್ ಫರ್ ಕಂಪನಿಯ 'ಯೆಲ್ಲೋಸ್ಟೋನ್' ಎಂಬ ಉಗಿಹಡಗು ಆ ವರ್ಷ ಮಿಸೌರಿ ನದಿಯ ಪ್ರವಾಹಕ್ಕೆ ಎದುರಾಗಿ ಯೂನಿಯನ್ ಕೋಟೆಯವರೆಗೆ ಹೋಯಿತು. ಅಷ್ಟು ದೂರ ಯಾವ ಉಗಿಹಡಗೂ ಅದುವರೆಗೆ ಹೋಗಿರಲಿಲ್ಲ. ಅದರಲ್ಲಿ ಕ್ಯಾಟ್ಲಿನ್ ಇದ್ದನು. ಮತ್ತೊಬ್ಬ ಸ್ವಾರಸ್ಯದ ಪ್ರಯಾಣಿಕನೂ ಇದ್ದನು. ಅಸ್ಸಿನಿಬೋಯಿನ್ ಬುಡಕಟ್ಟಿನ ವಿ-ಜುನ್-ಜೋನ್ ಎಂಬ ಆ ಯುವಕ ನಿಯೋಗದೊಡನೆ ವಾಷಿಂಗ್ಟನ್ನಿಗೆ ಹೋಗಿ ಹಿಂದಿರುಗುತ್ತಿದ್ದನು. ಹೋಗುವಾಗ ಚರ್ಮದ ಉಡುಪು, ಗರಿ. ಬರುವಾಗ ಸೇನಾಧಿಕಾರಿಯ ಸಮವಸ್ತ್ರ, ಎತ್ತರದ ಟೊಪ್ಪಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೀಸಣಿಗೆ, ಜೇಬಿನಲ್ಲಿ ವಿಸ್ಕಿ. ಕ್ಯಾಟ್ಲಿನ್ ಈ ಎರಡು ರೂಪಗಳನ್ನೂ ಒಂದೇ ಪಟದಲ್ಲಿ ಅಕ್ಕಪಕ್ಕ ಬರೆದಿದ್ದಾನೆ. ಮೊದಲು ನೋಡಿದಾಗ ನನಗೂ ನಗು ಬಂತು. ಊರು ತಲುಪಿದ ವಿ-ಜುನ್-ಜೋನ್ ತಾನು ಕಂಡ ನಗರಗಳ ವೈಭವವನ್ನೂ ಬಿಳಿಯರ ಸಂಖ್ಯೆಯನ್ನೂ ವರ್ಣಿಸಿದರೆ ಅವನ ಜನ ನಂಬಲಿಲ್ಲ. ಮಹಾಸುಳ್ಳುಗಾರನೆಂದೂ ಮಾಟಗಾರನೆಂದೂ ಭಾವಿಸಿ, ಕೊನೆಗೆ ಅವನನ್ನು ಕೊಂದರು. ಅವನು ಹೇಳಿದ್ದು ನಿಜವೇ ಆಗಿತ್ತು.

ಚಿತ್ರ ಬರೆಯುವುದು ಅಲ್ಲಿ ನಿರಪಾಯಕರವಾದ ಕೆಲಸವೂ ಆಗಿರಲಿಲ್ಲ. ಆ ಪ್ರಯಾಣದಲ್ಲಿಯೇ, ಸೂ ಜನರ ನಡುವೆ, 'ಚಿಕ್ಕ ಕರಡಿ' ಎಂಬ ವೀರನ ಚಿತ್ರವನ್ನು ಕ್ಯಾಟ್ಲಿನ್ ಪಾರ್ಶ್ವದಿಂದ, ಅರ್ಧ ಮುಖ ಮಾತ್ರ ಕಾಣುವಂತೆ ಬರೆಯುತ್ತಿದ್ದನು. ಅದನ್ನು ಕಂಡ 'ನಾಯಿ' ಎಂಬ ಹೆಸರಿನ ಪ್ರತಿಸ್ಪರ್ಧಿಯು, ಇವನು ಅರ್ಧ ಮನುಷ್ಯನೆಂದು ಚಿತ್ರಕಾರನಿಗೂ ತಿಳಿದಿದೆ, ಆದುದರಿಂದಲೇ ಉಳಿದರ್ಧವನ್ನು ಬಿಟ್ಟಿದ್ದಾನೆ ಎಂದು ಹಂಗಿಸಿದನು. ಮಾತಿಗೆ ಮಾತು ಬೆಳೆದು ಬಂದೂಕು ಹೊರಬಂತು. ಗುಂಡು ತಗುಲಿದ್ದು ಚಿತ್ರದಲ್ಲಿ ಬಿಟ್ಟುಹೋಗಿದ್ದ ಆ ಮಗ್ಗುಲಿಗೇ ಎಂದು ಕ್ಯಾಟ್ಲಿನ್ ಬರೆಯುತ್ತಾನೆ. ಅವನ ಲೇಖನಿಗೆ ಸ್ವಲ್ಪ ರಂಗು ಹಚ್ಚುವ ಅಭ್ಯಾಸವಿತ್ತೆಂಬುದನ್ನು ಓದುಗರು ಮರೆಯಬಾರದು. 'ಚಿಕ್ಕ ಕರಡಿ' ಸತ್ತದ್ದಂತೂ ಸತ್ಯ.

ಮ್ಯಾಂಡನ್ನರ ಹಳ್ಳಿಗಳು ಇಂದಿನ ಉತ್ತರ ಡಕೋಟಾ ರಾಜ್ಯದಲ್ಲಿ, ಮಿಸೌರಿಯ ದಡದಲ್ಲಿದ್ದವು. ಕುದುರೆಯೇರಿ ಕಾಡೆಮ್ಮೆಗಳನ್ನು ಬೆನ್ನಟ್ಟುವ ಅಲೆಮಾರಿಗಳೆಂದು ನಾವು ಸಿನಿಮಾಗಳಿಂದ ಕಲ್ಪಿಸಿಕೊಂಡಿದ್ದೇವಷ್ಟೆ, ಇವರು ಹಾಗಲ್ಲ. ಮರದ ಹಂದರಕ್ಕೆ ಮಣ್ಣು ಮೆತ್ತಿ, ಬೋರಲು ಹಾಕಿದ ಬಟ್ಟಲಿನಂಥ ದೊಡ್ಡ ಮನೆಗಳನ್ನು ಕಟ್ಟಿಕೊಂಡು ನೆಲೆನಿಂತ ಬೇಸಾಯಗಾರರು. ಬೇಟೆಯೂ ಇತ್ತು, ಜೊತೆಗೆ ಜೋಳ (ಮುಸುಕಿನ ಜೋಳ), ಹುರುಳಿಕಾಯಿ, ಕುಂಬಳ, ಸೂರ್ಯಕಾಂತಿ ಬೆಳೆಯುತ್ತಿದ್ದರು. ಹೊಲವೂ ಮನೆಯೂ ಹೆಂಗಸರ ವಶದಲ್ಲಿದ್ದವು. ಸುತ್ತಣ ಬುಡಕಟ್ಟುಗಳೆಲ್ಲ ಇವರ ಹಳ್ಳಿಗೆ ವ್ಯಾಪಾರಕ್ಕೆ ಬರುತ್ತಿದ್ದವು. ಊರಿನ ಸಂತೆಯ ದಿನವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕ್ಯಾಟ್ಲಿನ್ ಅಲ್ಲಿ ಮೊದಲ ಒಂದೆರಡು ಚಿತ್ರಗಳನ್ನು ಮುಗಿಸಿದಾಗ ಹಳ್ಳಿಯಲ್ಲಿ ಗದ್ದಲವೇ ಆಯಿತು. ಪಟದೊಳಗಿನ ಕಣ್ಣು ನೋಡುವವನನ್ನೇ ಹಿಂಬಾಲಿಸುತ್ತಿತ್ತು. ಇವನು ಮನುಷ್ಯನ ಜೀವದ ಒಂದು ಪಾಲನ್ನು ತೆಗೆದುಕೊಂಡು ಪಟದಲ್ಲಿ ಇಡುತ್ತಾನೆ. ಇಲ್ಲಿ ಕಣ್ಣು ತೆರೆದೇ ಇರುವುದರಿಂದ ಸತ್ತ ಮೇಲೂ ಅವರಿಗೆ ಗೋರಿಯಲ್ಲಿ ನೆಮ್ಮದಿಯ ನಿದ್ರೆ ಇರದು ಎಂದು ಕೆಲವರು ಹೆದರಿದರು. ಹೆಂಗಸರು ಅತ್ತರು. ಆಮೇಲೆ ಹಿರಿಯರು ಸಭೆ ಸೇರಿ ಅನುಮತಿ ಕೊಟ್ಟರು. ಮಾಟೋ-ಟೋಪೆಯಂತೂ ಬೆಳಗಿನಿಂದ ಅಲಂಕಾರ ಮಾಡಿಕೊಂಡು, ನಡು ಮಧ್ಯಾಹ್ನದ ಹೊತ್ತಿಗೆ ಜನರು ಎರಡು ಬದಿಗೂ ನಿಂತು ನೋಡುತ್ತಿರಲು, ಚಿತ್ರಕಾರನ ಬಳಿಗೆ ನಡೆದು ಬಂದನಂತೆ. ಚಿತ್ರ ಮುಗಿದ ಮೇಲೆ ಕ್ಯಾಟ್ಲಿನ್‌ನನ್ನು ತನ್ನ ಮನೆಗೆ ಊಟಕ್ಕೆ ಕರೆದನು. ತಾನು ಗೆದ್ದ ಯುದ್ಧಗಳನ್ನು ಬರೆದಿದ್ದ ಒಂದು ಚರ್ಮದ ಹೊದಿಕೆಯನ್ನು ಉಡುಗೊರೆಯಾಗಿ ಕೊಟ್ಟನು.

ಐದು ವರ್ಷಗಳ ತರುವಾಯ, 1837ರ ಜೂನ್ ತಿಂಗಳಲ್ಲಿ, ಅದೇ ನದಿಯಲ್ಲಿ 'ಸೇಂಟ್ ಪೀಟರ್ಸ್' ಎಂಬ ಉಗಿಹಡಗು ಬಂತು. ಅದರಲ್ಲಿ ಸಿಡುಬು ಇತ್ತು. ಜುಲೈ ಮಧ್ಯದಲ್ಲಿ ಮೊದಲ ಮ್ಯಾಂಡನ್ ಸತ್ತನು, 30ರಂದು ಮಾಟೋ-ಟೋಪೆ. ಅದಕ್ಕೆ ಮುಂಚೆ ಆ ಬುಡಕಟ್ಟಿನಲ್ಲಿ ಕಡಿಮೆಯೆಂದರೂ 1600 ಜನರಿದ್ದರು. ಕೆಲವೇ ತಿಂಗಳುಗಳಲ್ಲಿ ಉಳಿದವರು ಸುಮಾರು 125ರಿಂದ 150. ಸಾಯುವ ಮುನ್ನ ಮಾಟೋ-ಟೋಪೆ ಬಿಳಿಯರನ್ನು ಶಪಿಸಿದನೆಂಬ ಭಾಷಣವೊಂದು ಅಲ್ಲಿದ್ದ ವ್ಯಾಪಾರಿ ಚಾರ್ಡನ್‌ನ ದಿನಚರಿಯೊಡನೆ ಸಿಕ್ಕಿದೆ. ಅದು ಅವನದೇ ಮಾತು ಹೌದೋ ಅಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿರುವುದರಿಂದ ಅದನ್ನು ಆಧಾರವಾಗಿ ಇಟ್ಟುಕೊಳ್ಳಲಾರೆ. ಸಂದೇಹವೇ ಇಲ್ಲದ ಇನ್ನೊಂದು ದಾಖಲೆಯಿದೆ. ಇಂಡಿಯನ್ನರಿಗೆ ದೇವಿ ಹಾಕಿಸಬೇಕೆಂದು ಅಮೆರಿಕದ ಕಾಂಗ್ರೆಸ್ 1832ರ ಮೇ ತಿಂಗಳಿನಲ್ಲಿಯೇ ಶಾಸನ ಮಾಡಿ ಹಣವನ್ನೂ ಕೊಟ್ಟಿತ್ತು. ಕ್ಯಾಟ್ಲಿನ್ ಮ್ಯಾಂಡನ್ನರ ಮುಖಗಳನ್ನು ಬರೆದದ್ದು ಅದೇ ವರ್ಷ! ಆದರೆ ಯುದ್ಧ ಇಲಾಖೆಯ ಕಾರ್ಯದರ್ಶಿ ಲೂಯಿಸ್ ಕ್ಯಾಸ್ ವೈದ್ಯರನ್ನು ಮಿಸೌರಿಯಲ್ಲಿ ಅಷ್ಟು ಮೇಲಕ್ಕೆ ಕಳುಹಿಸಬೇಕಾಗಿಲ್ಲವೆಂದು ಆಜ್ಞೆ ಮಾಡಿದನು. ಚಿತ್ರಕಾರನು ಹೋಗಬಹುದಾದಲ್ಲಿಗೆ ವೈದ್ಯನು ಹೋಗಲಾರನೆ? 'ನಶಿಸಿದರು' ಎಂದು ನಾನು ಕರಿಹಲಗೆಯ ಮುಂದೆ ನಿಂತು ಹೇಳಿದ್ದು ಇದನ್ನು.

ಕ್ಯಾಟ್ಲಿನ್ ತನ್ನ ಚಿತ್ರಗಳನ್ನೆಲ್ಲ ಒಟ್ಟುಗೂಡಿಸಿ 'ಇಂಡಿಯನ್ ಗ್ಯಾಲರಿ' ಎಂದು ಹೆಸರಿಟ್ಟು ಊರೂರು ತಿರುಗಿ ಪ್ರದರ್ಶಿಸಿದನು. ಇವು ರಾಷ್ಟ್ರದ ಆಸ್ತಿಯಾಗಬೇಕು, ಸರಕಾರ ಕೊಂಡುಕೊಳ್ಳಬೇಕು ಎಂಬುದು ಅವನ ಹಂಬಲ. ಕಾಂಗ್ರೆಸ್ ಮತ್ತೆ ಮತ್ತೆ ನಿರಾಕರಿಸಿತು. ಲಂಡನ್ನಿಗೂ ಪ್ಯಾರಿಸ್ಸಿಗೂ ಒಯ್ದನು. ಪಟಗಳಿಂದ ಮಾತ್ರ ಜನ ಸೇರದಾದಾಗ ಒಜಿಬ್ವೆ, ಅಯೋವಾ ಜನರನ್ನು ವೇದಿಕೆಯ ಮೇಲೆ ಕುಣಿಸಿದನು. ಹಾಗೆ ಹೋದವರಲ್ಲಿ ಕೆಲವರು ಪರದೇಶದಲ್ಲಿಯೇ ರೋಗದಿಂದ ಸತ್ತರು. ಈ ಭಾಗವನ್ನು ಓದುವಾಗ ಅವನ ಮೇಲಿನ ಗೌರವ ನನಗೆ ಕುಂದಿತೆಂದು ಒಪ್ಪಿಕೊಳ್ಳುತ್ತೇನೆ. ಪ್ಯಾರಿಸ್ಸಿನಲ್ಲಿ ಅವನ ಹೆಂಡತಿ ತೀರಿಕೊಂಡಳು, ಮರುವರ್ಷ ಒಬ್ಬನೇ ಮಗನೂ ಹೋದನು. 1852ರಲ್ಲಿ ಸಾಲ ಕುತ್ತಿಗೆಗೆ ಬಂತು. ಫಿಲಡೆಲ್ಫಿಯಾದ ಜೋಸೆಫ್ ಹ್ಯಾರಿಸನ್ ಎಂಬ ರೈಲು ಎಂಜಿನ್ ತಯಾರಕನು ಸಾಲ ತೀರಿಸಿ, ಚಿತ್ರಗಳನ್ನು ಒಯ್ದು ತನ್ನ ಬಾಯ್ಲರ್ ಕಾರ್ಖಾನೆಯಲ್ಲಿ ತುಂಬಿಟ್ಟನು.

ಅವು ಉಳಿದದ್ದು ಒಂದು ಅರ್ಥದಲ್ಲಿ ಕಾಂಗ್ರೆಸ್ಸಿನ ನಿರಾಕರಣೆಯಿಂದಲೇ. ಜಾನ್ ಮಿಕ್ಸ್ ಸ್ಟ್ಯಾನ್ಲಿ ಎಂಬ ಇನ್ನೊಬ್ಬ ಚಿತ್ರಕಾರನು ಇಂಥದೇ ಚಿತ್ರಗಳನ್ನು ಬರೆದು, ಸರಕಾರ ಕೊಳ್ಳಲೆಂದು ಸ್ಮಿತ್‌ಸೋನಿಯನ್ ಭವನದಲ್ಲಿಯೇ ಇಟ್ಟಿದ್ದನು. ಚಾರ್ಲ್ಸ್ ಬರ್ಡ್ ಕಿಂಗ್ ಎಂಬವನು ವಾಷಿಂಗ್ಟನ್ನಿಗೆ ಬಂದ ಮುಖ್ಯಸ್ಥರನ್ನು ಕೂರಿಸಿಕೊಂಡು ಬರೆದ ಚಿತ್ರಗಳೂ ಅಲ್ಲಿದ್ದವು. 1865ರ ಜನವರಿಯಲ್ಲಿ ಚಳಿಗೆಂದು ಕೆಲಸದವರು ಹಚ್ಚಿದ ಒಲೆಯ ಹೊಗೆಕೊಳವೆಯನ್ನು ತಪ್ಪು ಕಂಡಿಗೆ ಸೇರಿಸಿದರು. ಬೆಂಕಿ ಬಿದ್ದು ಇಬ್ಬರ ಚಿತ್ರಗಳೂ ಬಹುಪಾಲು ಸುಟ್ಟುಹೋದವು. ಕ್ಯಾಟ್ಲಿನ್‌ನವು ಕಾರ್ಖಾನೆಯಲ್ಲಿ ಮಸಿಯನ್ನೂ ನೀರನ್ನೂ ಕುಡಿದು ಹೇಗೋ ಉಳಿದುಕೊಂಡವು.

1872ರಲ್ಲಿ ನಡೆದದ್ದನ್ನು ಇಲ್ಲಿ ಜೊತೆಯಾಗಿ ನೋಡಬೇಕು. ಕ್ಯಾಟ್ಲಿನ್ ತನ್ನ 1832ರ ಪ್ರಯಾಣದ ಅನುಭವದಿಂದ ಒಂದು ಸಲಹೆ ಮಾಡಿದ್ದನು: ಪಶ್ಚಿಮದ ಬಯಲುಗಳಲ್ಲಿ ಕಾಡೆಮ್ಮೆಗಳೂ ಇಂಡಿಯನ್ನರೂ ಮೊದಲಿನಂತೆಯೇ ಬಾಳುವ ಒಂದು ರಾಷ್ಟ್ರೀಯ ಉದ್ಯಾನವನ್ನು ಸರಕಾರ ಕಾಪಾಡಬೇಕು ಎಂದು. ಮನುಷ್ಯರನ್ನು ಮೃಗಗಳ ಜೊತೆ ಪ್ರದರ್ಶನಕ್ಕಿಟ್ಟಂತೆ ಕೇಳುವ ಈ ಸಲಹೆ ನಮಗೆ ಇಂದು ಒಪ್ಪುವಂಥದಲ್ಲ. ಆದರೂ ಅವನ ಉದ್ಯಾನದಲ್ಲಿ ಮನುಷ್ಯರಿಗೆ ಸ್ಥಳವಿತ್ತು. 1871ರಲ್ಲಿ ಥಾಮಸ್ ಮೊರನ್ ಎಂಬ ಚಿತ್ರಕಾರನು ಹೇಡನ್ನನ ಸರ್ವೇಕ್ಷಣ ತಂಡದೊಡನೆ ಯೆಲ್ಲೋಸ್ಟೋನ್ ಪ್ರದೇಶಕ್ಕೆ ಹೋಗಿ ಬಣ್ಣದ ಬಂಡೆಗಳ, ಬಿಸಿನೀರ ಬುಗ್ಗೆಗಳ ಜಲವರ್ಣ ಚಿತ್ರಗಳನ್ನು ತಂದನು. ಅವು, ಮತ್ತು ಜಾಕ್ಸನ್ನನ ಛಾಯಾಚಿತ್ರಗಳು, ಕಾಂಗ್ರೆಸ್ಸಿನ ಮನಸ್ಸನ್ನು ಒಲಿಸಿದವು. 1872ರ ಮಾರ್ಚ್ 1ರಂದು ಅಧ್ಯಕ್ಷ ಗ್ರಾಂಟ್ ಯೆಲ್ಲೋಸ್ಟೋನ್ ಉದ್ಯಾನದ ಶಾಸನಕ್ಕೆ ಸಹಿ ಹಾಕಿದನು. ಅದೇ ವರ್ಷ ಮೊರನ್ ಬರೆದ ಯೆಲ್ಲೋಸ್ಟೋನ್ ಕಮರಿಯ ತೈಲವರ್ಣ ಚಿತ್ರವನ್ನು, ಏಳಡಿ ಎತ್ತರ, ಹನ್ನೆರಡಡಿ ಅಗಲದ್ದು, ಕಾಂಗ್ರೆಸ್ 10,000 ಡಾಲರ್ ಕೊಟ್ಟು ಕೊಂಡಿತು. ಆ ಚಿತ್ರದ ಚೆಲುವನ್ನು ನಾನು ಅಲ್ಲಗಳೆಯಲಾರೆ. ಬಂಡೆಯ ಹಳದಿಯೊಳಗೆ ನಿಜವಾಗಿಯೂ ಬಿಸಿಲು ಇದೆ. ಮನುಷ್ಯಾಕೃತಿಗಳು ಮಾತ್ರ ಹುಡುಕಿದರೆ ಕಾಣುವಷ್ಟು ಸಣ್ಣವು. ಆ ಪ್ರದೇಶದಲ್ಲಿ ಕಾಡುಕುರಿಗಳನ್ನು ಬೇಟೆಯಾಡಿ ಬಾಳುತ್ತಿದ್ದ ಶೋಶೋನಿ ಜನರನ್ನು ಕೆಲವೇ ವರ್ಷಗಳಲ್ಲಿ ಹೊರಗೆ ಕಳುಹಿಸಲಾಯಿತು. ಇಂಡಿಯನ್ನರು ಬಿಸಿನೀರ ಬುಗ್ಗೆಗಳಿಗೆ ಹೆದರಿ ಇತ್ತ ಸುಳಿಯುತ್ತಿರಲಿಲ್ಲವೆಂಬ ಕಥೆಯೂ ಹುಟ್ಟಿತು.

ಅದೇ ವರ್ಷದ ಡಿಸೆಂಬರಿನಲ್ಲಿ, ಕಿವಿ ಕೇಳದ ಮುದುಕನಾಗಿದ್ದ ಕ್ಯಾಟ್ಲಿನ್ ತೀರಿಕೊಂಡನು. ಅವನ ಚಿತ್ರಗಳು ಸ್ಮಿತ್‌ಸೋನಿಯನ್‌ಗೆ ಬಂದದ್ದು 1879ರಲ್ಲಿ, ಹ್ಯಾರಿಸನ್ನನ ವಿಧವೆಯ ದಾನವಾಗಿ. ಸರಕಾರ ಅವುಗಳಿಗೆ ಹಣ ಕೊಡಲೇ ಇಲ್ಲ.

ಕ್ಯಾಟ್ಲಿನ್ ಮಾಡಿದ ತಪ್ಪನ್ನೂ ನಾನು ಮಾಡಿದ ತಪ್ಪನ್ನೂ ಒಟ್ಟಿಗೆ ಹೇಳಬೇಕಾದ ಮಾತೊಂದಿದೆ. ಈ ಜನ ಪೂರ್ತಿಯಾಗಿ ಅಳಿದುಹೋಗುತ್ತಾರೆಂದು ಅವನು ನಂಬಿದ್ದನು. ಅಳಿದುಹೋದರೆಂದು ನಾನು ಕಲಿಸಿದೆ. ಮ್ಯಾಂಡನ್ನರು ಅಳಿಯಲಿಲ್ಲ. ಬದುಕುಳಿದವರು ಹಿಡಾಟ್ಸಾ, ಅರಿಕರಾ ಜನರೊಡನೆ ಕೂಡಿಕೊಂಡರು. ಮೂರೂ ಸೇರಿದ ಅವರ ರಾಷ್ಟ್ರ ಇಂದಿಗೂ ಉತ್ತರ ಡಕೋಟಾದ ಫೋರ್ಟ್ ಬರ್ಥೋಲ್ಡ್‌ನಲ್ಲಿದೆ. 1950ರ ದಶಕದಲ್ಲಿ ಗ್ಯಾರಿಸನ್ ಅಣೆಕಟ್ಟಿನ ನೀರು ಅವರ ತಗ್ಗಿನ ಹೊಲಗಳನ್ನೂ ಊರುಗಳನ್ನೂ ಮುಳುಗಿಸಿತು. ಮ್ಯಾಂಡನ್ ಭಾಷೆಯನ್ನು ತಾಯ್ನುಡಿಯಾಗಿ ನಿರರ್ಗಳವಾಗಿ ಆಡಬಲ್ಲ ಕೊನೆಯವರಾಗಿದ್ದ ಎಡ್ವಿನ್ ಬೆನ್ಸನ್ 2016ರಲ್ಲಿ ತೀರಿಕೊಂಡರು. ಅವರೂ ಶಾಲೆಯಲ್ಲಿ ಮಕ್ಕಳಿಗೆ ಆ ಭಾಷೆಯನ್ನು ಕಲಿಸುತ್ತಿದ್ದರು ಎಂದು ಓದಿದಾಗ ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟೆ.

ಇನ್ನೊಂದು ಚಿತ್ರದ ಮಾತು ಉಳಿದಿದೆ. 1833–34ರ ಚಳಿಗಾಲದಲ್ಲಿ ಜರ್ಮನಿಯ ರಾಜಕುಮಾರ ಮ್ಯಾಕ್ಸಿಮಿಲಿಯನ್ ಮತ್ತು ಅವನ ಜೊತೆಗಿದ್ದ ಸ್ವಿಸ್ ಚಿತ್ರಕಾರ ಕಾರ್ಲ್ ಬೋಡ್ಮರ್ ಮ್ಯಾಂಡನ್ನರ ಹಳ್ಳಿಯ ಪಕ್ಕದಲ್ಲಿ ತಂಗಿದ್ದರು. ಬೋಡ್ಮರ್ ಕೂಡ ಮಾಟೋ-ಟೋಪೆಯ ಚಿತ್ರ ಬರೆದನು. ಕೈಗಾರಿಕೆಯಲ್ಲಿ ಅದು ಕ್ಯಾಟ್ಲಿನ್‌ನದಕ್ಕಿಂತ ಬಹಳ ಮೇಲು. ಆದರೆ ನಾನು ಹೇಳಹೊರಟದ್ದು ಅದಲ್ಲ. ಅವರಿಂದ ಕಾಗದವನ್ನೂ ಬಣ್ಣವನ್ನೂ ಪಡೆದು ಮಾಟೋ-ಟೋಪೆ ತಾನೇ ಒಂದು ಚಿತ್ರ ಬರೆದನು. ಷೈಯೆನ್ ಬುಡಕಟ್ಟಿನ ಮುಖ್ಯಸ್ಥನೊಬ್ಬನೊಡನೆ ತಾನು ನಡೆಸಿದ ದ್ವಂದ್ವಯುದ್ಧದಲ್ಲಿ ಎದುರಾಳಿಯ ಚೂರಿಯ ಅಲಗನ್ನೇ ಬರಿಗೈಯಲ್ಲಿ ಹಿಡಿದುಕೊಂಡ ಗಳಿಗೆ ಅದು. ಆ ಕಾಗದ ಈಗ ನೆಬ್ರಾಸ್ಕಾದ ಒಮಾಹಾ ನಗರದ ಜಾಸ್ಲಿನ್ ಕಲಾ ಸಂಗ್ರಹಾಲಯದಲ್ಲಿದೆ. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಕಡೆಗೆ ಹೋದರೆ ನೋಡಿ ಬಂದು, ಹೇಗಿದೆಯೆಂದು ನನಗೆ ನಾಲ್ಕು ಸಾಲು ಬರೆಯಿರಿ.