ಇಂಚಗೇರಿಯಿಂದ ಖೇತವಾಡಿಗೆ

ಮುಂಬಯಿಯ ಖೇತವಾಡಿ ಹತ್ತನೆಯ ಗಲ್ಲಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವ್ಯಾಪಾರಿಯ ಮಾತು ಕೇಳಲು 1970ರ ದಶಕದಲ್ಲಿ ಯುರೋಪು, ಅಮೆರಿಕದಿಂದೆಲ್ಲ ಜನ ಬರುತ್ತಿದ್ದರು. ಮನೆಯೊಳಗೇ ಅಟ್ಟದಂತೆ ಕಟ್ಟಿಸಿದ ಪುಟ್ಟ ಕೋಣೆ. ಒತ್ತಿಕೊಂಡು ಕೂರಬೇಕು. ಇವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ಪಕ್ಕದಲ್ಲೊಬ್ಬರು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಇವರೇ ನಿಸರ್ಗದತ್ತ ಮಹಾರಾಜ್. ಹುಟ್ಟುಹೆಸರು ಮಾರುತಿ ಶಿವರಾಮಪಂತ ಕಾಂಬಳಿ.

ನಮ್ಮ ಕ್ಷೇತ್ರದಲ್ಲಿ ಇವರ ಹೆಸರು ಕೇಳದವರು ಕಡಿಮೆ. ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನಾಲ್ಕೈದು ಜನರ ಮೇಜಿನ ಮೇಲಾದರೂ ‘ಐ ಆ್ಯಮ್ ದಟ್’ ಕಂಡಿದ್ದೇನೆ. ನಲವತ್ತು ದಾಟಿ, ಮನೆಸಾಲ ಅರ್ಧ ತೀರಿ, ‘ಇಷ್ಟೇನಾ?’ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಸರಿಯಾಗಿ ಈ ಪುಸ್ತಕ ಕೈಗೆ ಸಿಗುತ್ತದೆ. ಅದನ್ನು ಮೆಚ್ಚಿದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಖೇತವಾಡಿಯ ಆ ಅಟ್ಟದ ಬೇರು ಇರುವುದು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿ ಎಂಬ ಹಳ್ಳಿಯಲ್ಲಿ.

ಕತೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ನಿಂಬರಗಿ ಮಹಾರಾಜರೆಂದು ಹೆಸರಾದ ಗುರುಲಿಂಗಜಂಗಮ ಮಹಾರಾಜರು (1789–1885) ಲಿಂಗಾಯತರು. ಅವರ ಉಪದೇಶವೆಲ್ಲ ಕನ್ನಡದಲ್ಲಿ. ಅವರ ಶಿಷ್ಯ ಉಮದಿಯ ವೆಂಕಟೇಶ ಖಂಡೇರಾವ್ ದೇಶಪಾಂಡೆ ಬ್ರಾಹ್ಮಣರು. ಉಮದಿ ಈಗ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಸೇರಿದ್ದರೂ ಊರಿನ ಮಾತು ಕನ್ನಡವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಒಬ್ಬ ಬ್ರಾಹ್ಮಣ ದೇಶಪಾಂಡೆ ಲಿಂಗಾಯತ ಗುರುವಿನ ಮುಂದೆ ಬಾಗುವುದೆಂದರೆ ಸಣ್ಣ ಮಾತಲ್ಲ. ಈ ದೇಶಪಾಂಡೆಯವರೇ ಭಾವೂಸಾಹೇಬ ಮಹಾರಾಜ (1843–1914). ಇಂಚಗೇರಿಯಲ್ಲಿ ಮಠ ಕಟ್ಟಿದವರು. ಅಲ್ಲಿ ಓದುವುದು ಮರಾಠಿಯ ದಾಸಬೋಧ, ಹಾಡುವ ಭಜನೆ ಕನ್ನಡದ್ದೂ ಹೌದು, ಮರಾಠಿಯದೂ ಹೌದು. ಗಡಿಯ ಬಗ್ಗೆ ಜಗಳ ಮಾಡುವವರು ಒಂದು ಸಂಜೆ ಅಲ್ಲಿ ಕೂತು ಬಂದರೆ ಒಳ್ಳೆಯದು.

ಭಾವೂಸಾಹೇಬರ ಸಾಧನೆ ‘ನೇಮ’. ಗುರು ಕೊಟ್ಟ ನಾಮವನ್ನು ದಿನಾ ತಪ್ಪದೆ, ಗಂಟೆಗಟ್ಟಲೆ ಧ್ಯಾನಿಸುವುದು. ಮನೆ ಬಿಡಬೇಕಿಲ್ಲ, ಕಾವಿ ಉಡಬೇಕಿಲ್ಲ. ಜಮಖಂಡಿಯ ಹುಡುಗ ರಾಮಚಂದ್ರ ದತ್ತಾತ್ರೇಯ ರಾನಡೆ 1901ರಲ್ಲಿ ಇವರಿಂದ ನಾಮ ಪಡೆದ. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಮಾಡಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲ್ಲಿಯೇ ಕುಲಪತಿಯ ಹುದ್ದೆಗೂ ಏರಿದ ಗುರುದೇವ ರಾನಡೆ ಇವರೇ. ಕ್ಷಯ ಹಿಡಿದರೂ ನೇಮ ಬಿಡಲಿಲ್ಲ. ಗ್ರೀಕ್ ತತ್ವಜ್ಞಾನದಿಂದ ಉಪನಿಷತ್ತಿನವರೆಗೆ ಓದಿಕೊಂಡಿದ್ದ ಈ ಮನುಷ್ಯನಿಗೆ ಆನಂದವೆಂಬುದು ವಾದದಿಂದ ಸಿದ್ಧಮಾಡುವ ವಿಷಯವಾಗಿರಲಿಲ್ಲ, ಕೂತು ಕಂಡುಕೊಳ್ಳುವ ಅನುಭವವಾಗಿತ್ತು. ಕೊನೆಗಾಲ ಕಳೆದದ್ದು ಸೊಲ್ಲಾಪುರ–ವಿಜಯಪುರ ರೈಲು ಹಾದಿಯ ನಿಂಬಾಳದಲ್ಲಿ. 1957ರಲ್ಲಿ ಅಲ್ಲಿಯೇ ತೀರಿಕೊಂಡರು. ನನಗಂತೂ ಫರ್ಗ್ಯುಸನ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಾಗಲೆಲ್ಲ ಅವರ ನೆನಪಾಗುತ್ತದೆ.

ಭಾವೂಸಾಹೇಬರ ಇನ್ನೊಬ್ಬ ಶಿಷ್ಯ ಸೊಲ್ಲಾಪುರ ಸೀಮೆಯ ಸಿದ್ಧರಾಮೇಶ್ವರ ಮಹಾರಾಜ (1888–1936). ಹೆಸರು ಸೊಲ್ಲಾಪುರದ ದೈವ, ನಮ್ಮ ವಚನಕಾರ ಸಿದ್ಧರಾಮನದು. ವಿಜಯಪುರದಲ್ಲಿ ಒಬ್ಬ ಮಾರವಾಡಿ ವ್ಯಾಪಾರಿಯ ಲೆಕ್ಕ ಬರೆಯುತ್ತಿದ್ದವರು. ಕುತೂಹಲದ ತಿರುವು ಬರುವುದು ಇಲ್ಲಿಯೇ. ಗುರು ಹೋದ ಮೇಲೆ ಕೆಲವು ವರ್ಷ ಕಠಿಣವಾಗಿ ಧ್ಯಾನ ಮಾಡಿ, 1920ರ ಸುಮಾರಿಗೆ ಇವರು ಬೇರೆ ಮಾತು ಆಡತೊಡಗಿದರು. ನಾಮ ಹಿಡಿದು ಮೆಲ್ಲಗೆ ಹೋಗುವುದು ಇರುವೆಯ ದಾರಿ, ಪಿಪೀಲಿಕಾ ಮಾರ್ಗ. ಹಣ್ಣು ಸಿಗಬೇಕಾದರೆ ಇಡೀ ಮರ ಹತ್ತಬೇಕು. ವಿಚಾರದಿಂದ ‘ನಾನು ಯಾರು’ ಎಂಬುದಕ್ಕೆ ನೇರ ಕೈಹಾಕುವುದು ಹಕ್ಕಿಯ ದಾರಿ, ವಿಹಂಗಮ ಮಾರ್ಗ. ಹಾರಿ ಬಂದು ಹಣ್ಣಿನ ಮೇಲೆಯೇ ಕೂರುತ್ತದೆ. ಗುರುಬಂಧುಗಳಿಗೆ ಇದು ಹಿಡಿಸಲಿಲ್ಲ. ಇವರು ತಮ್ಮ ದಾರಿಯಲ್ಲಿ ನಡೆದರು, ಮುಂಬಯಿಗೂ ಬಂದರು. 1933ರಲ್ಲಿ ಸ್ನೇಹಿತನೊಬ್ಬ ಒತ್ತಾಯಿಸಿ ಬೀಡಿ ಅಂಗಡಿಯ ಮಾರುತಿಯನ್ನು ಇವರ ಹತ್ತಿರ ಕರೆತಂದ.

ಗುರು ಹೇಳಿದ್ದು ಬಹಳವಿಲ್ಲ. ನೀನು ನೀನೆಂದುಕೊಂಡದ್ದು ನೀನಲ್ಲ. ‘ನಾನು ಇದ್ದೇನೆ’ ಎಂಬ ಅರಿವು ಇದೆಯಲ್ಲ, ಅದನ್ನು ಹಿಡಿದು ಕೂರು, ಅಷ್ಟೇ. ಮಾರುತಿ ನಂಬಿ ಹಾಗೆಯೇ ಮಾಡಿದ. ಮೂರು ವರ್ಷದಲ್ಲಿ ಗುರುವೂ ಇಲ್ಲವಾದರು. ಎಲ್ಲ ಬಿಟ್ಟು ದೇಶ ಸುತ್ತಲು ಹೊರಟ ಮಾರುತಿ ಕೆಲವೇ ತಿಂಗಳಲ್ಲಿ ಮರಳಿ ಬಂದು ಅಂಗಡಿಯಲ್ಲಿ ಕೂತ. ಬೀಡಿ ಮಾರಿದ, ಮಕ್ಕಳನ್ನು ಸಾಕಿದ, ಹೆಂಡತಿಯನ್ನು ಕಳೆದುಕೊಂಡ. ಬೇರೆಯವರಿಗೆ ಉಪದೇಶ ಕೊಡಲು ಶುರುಮಾಡಿದ್ದು 1951ರಲ್ಲಿ.

ಇವರನ್ನು ಇಂಗ್ಲಿಷಿಗೆ ತಂದವರು ಒಬ್ಬ ಎಂಜಿನಿಯರ್. ವಾರ್ಸಾದಲ್ಲಿ ಹುಟ್ಟಿದ ಯೆಹೂದಿ ಮಾರಿಸ್ ಫ್ರಿಡ್‌ಮನ್ 1930ರ ದಶಕದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆ ನಡೆಸಲು ಬಂದವರು. ರಮಣರ ಹತ್ತಿರ ಹೋದರು, ಗಾಂಧಿಯವರ ಜೊತೆ ಸೇರಿದರು, ಔಂಧ ಸಂಸ್ಥಾನದಲ್ಲಿ ರಾಜನ ಅಧಿಕಾರವನ್ನು ಹಳ್ಳಿಗಳ ಕೈಗೆ ಕೊಡುವ ಪ್ರಯೋಗದಲ್ಲಿ ದುಡಿದರು. ಇಳಿವಯಸ್ಸಿನಲ್ಲಿ ಖೇತವಾಡಿಗೆ ಬಂದು, ಮರಾಠಿ ಮಾತುಕತೆಗಳನ್ನು ಇಂಗ್ಲಿಷಿಗೆ ಇಳಿಸಿದರು. 1973ರಲ್ಲಿ ಮುಂಬಯಿಯ ಚೇತನ ಪ್ರಕಾಶನ ಅದನ್ನು ಅಚ್ಚು ಹಾಕಿತು.

ಆ ಪುಸ್ತಕ ಓದಿದವರಿಗೆ ಹಕ್ಕಿಯ ದಾರಿಯೊಂದೇ ಕಾಣುವುದು ಸಹಜ. ನಮ್ಮಂಥವರಿಗೆ ಅದು ಪ್ರಿಯವೂ ಹೌದು. ಎರಡು ಸ್ಪ್ರಿಂಟ್ ನಡುವೆ ಆತ್ಮಜ್ಞಾನ ಮುಗಿದರೆ ಯಾರಿಗೆ ಬೇಡ? ನನಗೆ ಅನುಮಾನ ಇರುವುದೂ ಇಲ್ಲಿಯೇ. ಹಕ್ಕಿಯ ದಾರಿ ತೋರಿಸಿದ ಸಿದ್ಧರಾಮೇಶ್ವರರು ಮೊದಲು ಇರುವೆಯಾಗಿ ಮರ ಹತ್ತಿದವರು. ಮೂರೇ ವರ್ಷದ ಮಾರುತಿಯ ಬೆನ್ನಿಗೂ ನೂರು ವರ್ಷದ ಪರಂಪರೆ ಇತ್ತು. ನಿಂಬಾಳದ ನೇಮವನ್ನು ಹಳೆಯದೆಂದು ಬದಿಗಿಟ್ಟು ಖೇತವಾಡಿಯ ಮಾತನ್ನಷ್ಟೇ ಎತ್ತಿಕೊಂಡರೆ ಕೈಗೆ ಸಿಗುವುದು ಚೆಂದದ ವಾಕ್ಯಗಳು ಮಾತ್ರ ಎಂದು ನನಗನ್ನಿಸುತ್ತದೆ. ನಾನು ಬೆಳಿಗ್ಗೆ ಅರ್ಧ ಗಂಟೆ ಕೂರುತ್ತೇನೆ. ಹೆಚ್ಚೇನೂ ಆಗುವುದಿಲ್ಲ. ಒಂಬತ್ತೂವರೆಯ ಕಾಲ್‌ನಲ್ಲಿ ಬಯ್ಯಿಸಿಕೊಳ್ಳುವವನು ಯಾರು ಎಂದು ಒಮ್ಮೊಮ್ಮೆ ಥಟ್ಟನೆ ಹೊಳೆದು ನಗು ಬರುತ್ತದೆ, ಅಷ್ಟು.

ಇನ್ನೊಂದು ವಿಷಯ. ಪರದೇಶದಿಂದ ಬಂದವರು ಜ್ಞಾನದ ಮಾತು ಕೇಳಿ ಎದ್ದು ಹೋಗುತ್ತಿದ್ದ ಆ ಅಟ್ಟದಲ್ಲಿ ದಿನಕ್ಕೆ ಹಲವು ಸಲ ಭಜನೆ ನಡೆಯುತ್ತಿತ್ತು. ಗೋಡೆಯ ತುಂಬ ಗುರುಗಳ ಪಟಗಳು. 1981ರ ಸೆಪ್ಟೆಂಬರಿನಲ್ಲಿ ಗಂಟಲ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ ಮಹಾರಾಜರು ಆ ಪಟಗಳಿಗೆ ಪೂಜೆ ಮಾಡುತ್ತಿದ್ದರು.